ಟ್ಯೂಬಿನಲ್ಲಿ ಆರ್‌ಎನ್‌ಎ ತಯಾರಿಸಿದ್ದು: ನನ್ನ ಅನುಭವ

ಡಿಎನ್‌ಎಯ ಒಂದು ಎಳೆಯನ್ನು ಅಚ್ಚಾಗಿಟ್ಟುಕೊಂಡು ಆರ್‌ಎನ್‌ಎ ಹೆಣೆಯುವ ಪ್ರತಿಲೇಖನವೆಂಬ ಕೆಲಸವನ್ನು ಸಂಶೋಧನೆಯ ಮೊದಲ ವರ್ಷದಲ್ಲಿ ನಾನು ಜೀವಕೋಶದ ಹೊರಗೆ, ಪುಟ್ಟದೊಂದು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದೆ. ಈ ಹೆಣಿಗೆಯನ್ನು ಮಾಡುವ ಕಿಣ್ವವೇ ಆರ್‌ಎನ್‌ಎ ಪಾಲಿಮರೇಸ್. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಅದು ಹಲವು ಉಪಘಟಕಗಳ ಕಿಣ್ವ. ಎಲ್ಲಿಂದ ಆರಂಭಿಸಬೇಕೆಂದು ಗುರುತಿಸಲು ಅದಕ್ಕೆ ಸಿಗ್ಮಾ ಎಂಬ ಇನ್ನೊಂದು ಪ್ರೋಟೀನು ಬೇಕು. ಅದೇ ಬ್ಯಾಕ್ಟೀರಿಯಾಕ್ಕೆ ತಗಲುವ ಟಿ7 ವೈರಸ್ಸಿನ ಪಾಲಿಮರೇಸ್ ಒಂಟಿ ಪ್ರೋಟೀನಾಗಿದ್ದೂ ತನ್ನ ಪ್ರೊಮೋಟರನ್ನು, ಅಂದರೆ ಡಿಎನ್‌ಎಯಲ್ಲಿ ಆರಂಭದ ಜಾಗವನ್ನು ಸೂಚಿಸುವ ತುಣುಕನ್ನು, ತಾನೇ ಗುರುತಿಸಿ ಕೆಲಸ ಮುಗಿಸುವುದರಿಂದ ಅದನ್ನೇ ಆರಿಸಿಕೊಂಡೆ.

ಜೀನನ್ನು ಹೊತ್ತ ಪ್ಲಾಸ್ಮಿಡ್ ಎಂಬ ದುಂಡಗಿನ ಡಿಎನ್‌ಎಯನ್ನು ಹಾಗೇ ಕೊಟ್ಟರೆ ಕಿಣ್ವವು ನಮಗೆ ಬೇಕಾದ ಕಡೆ ನಿಲ್ಲದೆ ಸುತ್ತುತ್ತಲೇ ಹೋಗಬಹುದು. ಆದ್ದರಿಂದ ಜೀನ್ ಮುಗಿಯುವ ಜಾಗದಲ್ಲಿ ಅದನ್ನು ಕತ್ತರಿಸಿದೆ. ಅಚ್ಚಿನ ಎಳೆಯನ್ನು 3′ ತುದಿಯಿಂದ 5′ ತುದಿಯತ್ತ ಓದುತ್ತಾ, ಅಡೆನಿನ್ ಎದುರಿಗೆ ಥೈಮಿನ್ ಬದಲು ಯುರಾಸಿಲ್ ಇಡುತ್ತಾ ಸಾಗುವ ಕಿಣ್ವವು ಕತ್ತರಿಸಿದ ಅಂಚು ಬಂದೊಡನೆ ಜಾರಿ ಬೀಳುತ್ತದೆ.

ಮೊದಲ ಮೂರು ಸಲವೂ, ಆರ್‌ಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಪಟ್ಟಿಯಾಗಿ ತೋರಿಸುವ ಜೆಲ್ ಖಾಲಿಯಾಗಿತ್ತು. ಬೆವರಿನಲ್ಲೂ ಧೂಳಿನಲ್ಲೂ ಇರುವ, ಆರ್‌ಎನ್‌ಎಯನ್ನು ತುಂಡರಿಸುವ ಆರ್‌ಎನ್‌ಏಸ್ ಕಿಣ್ವವೇ ಎಲ್ಲವನ್ನೂ ತಿಂದುಹಾಕಿತೆಂದು ನಂಬಿ ನೀರು ಬದಲಿಸಿದೆ, ಮೇಜು ಒರೆಸಿದೆ, ಗಳಿಗೆಗೊಮ್ಮೆ ಗ್ಲೌಸ್ ಬದಲಿಸಿದೆ. ನಾಲ್ಕನೆಯ ಸಲ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, “ಆ ಬಫರಿನಲ್ಲಿ ಸ್ಪರ್ಮಿಡೀನ್ ಇದೆಯಮ್ಮ, ಐಸ್ ಮೇಲೆ ಯಾಕೆ ಬೆರೆಸ್ತಿದ್ದೀಯ?” ಎಂದರು. ಧನ ವಿದ್ಯುದಂಶದ ಸ್ಪರ್ಮಿಡೀನ್ ಗಾಢವಾಗಿದ್ದಾಗ, ಅದರಲ್ಲೂ ತಣ್ಣಗಿದ್ದಾಗ, ಋಣ ವಿದ್ಯುದಂಶದ ಡಿಎನ್‌ಎಯನ್ನು ಮುದ್ದೆಗಟ್ಟಿಸಿ ತಳಕ್ಕಿಳಿಸುತ್ತದೆ. ಕಿಣ್ವಕ್ಕೆ ಓದಲು ಅಚ್ಚೇ ಸಿಗುತ್ತಿರಲಿಲ್ಲ. ಎಲ್ಲವನ್ನೂ ಐಸಿನಲ್ಲಿಡುವುದೇ ಎಚ್ಚರಿಕೆ ಎಂದು ಕಲಿತಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ಅಂದಿನಿಂದ ಕಿಣ್ವವೊಂದನ್ನು ಮಾತ್ರ ತಣ್ಣಗಿಟ್ಟು, ಉಳಿದದ್ದನ್ನು ಕೋಣೆಯ ತಾಪಮಾನದಲ್ಲಿ, ನೀರು ಮೊದಲು ಹಾಕಿ ಬೆರೆಸುತ್ತೇನೆ.

ಆ ದಿನ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಕಳೆದಾಗ ತಿಳಿಯಾಗಿದ್ದ ದ್ರವ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಪ್ರತಿಯೊಂದು ನ್ಯೂಕ್ಲಿಯೊಟೈಡ್ ಸರಪಳಿಗೆ ಸೇರುವಾಗಲೂ ಒಂದು ಪೈರೊಫಾಸ್ಫೇಟ್ ಕಳಚಿಕೊಳ್ಳುತ್ತದೆ, ಅದು ಮೆಗ್ನೀಸಿಯಮ್ ಜೊತೆ ಕೂಡಿ ಹೀಗೆ ಗಟ್ಟಿಯಾಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಸಂತೋಷದ ಬಗ್ಗಡ ಇನ್ನೊಂದಿಲ್ಲ. ಆದರೂ ಖಚಿತಪಡಿಸಿಕೊಳ್ಳಲು ಒಂದು ಪಾಲಿಗೆ ಡಿಎನ್‌ಎಯನ್ನು ಮಾತ್ರ ತುಂಡರಿಸುವ ಡಿಎನ್‌ಏಸ್, ಇನ್ನೊಂದು ಪಾಲಿಗೆ ಆರ್‌ಎನ್‌ಏಸ್ ಹಾಕಿ ಯೂರಿಯಾ ಜೆಲ್‌ನಲ್ಲಿ ಓಡಿಸಿದೆ. ಮೊದಲನೆಯದರಲ್ಲಿ ಎಣಿಸಿದ ಉದ್ದದಲ್ಲೇ ಪಟ್ಟಿಯೊಂದು ಉಳಿದಿತ್ತು, ಎರಡನೆಯದರಲ್ಲಿ ಅದು ಅಳಿಸಿಹೋಗಿತ್ತು.