ಕ್ಯಾಸರೋಲ್ ಅಂದ್ರೆ ಹಾಟ್‌ಬಾಕ್ಸ್ ಅಲ್ಲ: ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ ಬುಧವಾರದ ಅಡುಗೆ

2006ರಲ್ಲಿ ನಾವು ಆಸ್ಟಿನ್ನಿಗೆ ಬಂದು ಎರಡು ತಿಂಗಳಾಗಿತ್ತು. ಪಕ್ಕದ ಮನೆಯಾಕೆ ಊಟಕ್ಕೆ ಕರೆದರು. ಏನು ತರಲಿ ಅಂತ ಕೇಳಿದೆ. ಒಂದು ಕ್ಯಾಸರೋಲ್ ತಂದರೆ ಸಾಕು ಅಂದರು. ನನಗೆ ಖುಷಿಯೋ ಖುಷಿ. ಮದುವೆಗೆ ಉಡುಗೊರೆ ಬಂದಿದ್ದ ಕ್ಯಾಸರೋಲನ್ನು ಚನ್ನರಾಯಪಟ್ಟಣದಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದೆ. ಹೊರಗೆ ಕೆಂಪು ಹೂವಿನ ಚಿತ್ರ, ಒಳಗೆ ಸ್ಟೀಲು, ಹನ್ನೆರಡು ಚಪಾತಿ ಹಿಡಿಯುತ್ತದೆ. ಪಾಪ, ಊಟ ಬಿಸಿಯಾಗಿಡಲು ಪಾತ್ರೆ ಸಾಲದೆ ಬಂದಿರಬೇಕು ಅಂದುಕೊಂಡು ಚೆನ್ನಾಗಿ ತೊಳೆದು ಒರೆಸಿ ತೆಗೆದುಕೊಂಡು ಹೋದೆ. ಖಾಲಿ.

ಆಕೆ ಮುಚ್ಚಳ ತೆಗೆದರು. ಒಳಗೆ ನೋಡಿದರು. ನನ್ನ ಮುಖ ನೋಡಿದರು. ಮೇಜಿನ ಮೇಲೆ ನಾಲ್ಕೈದು ಗಾಜಿನ ತಟ್ಟೆಗಳಲ್ಲಿ ಚೀಸ್ ಕುದಿಯುತ್ತಿತ್ತು. ನನಗೆ ಆಗ ಹೊಳೆಯಿತು. ಇಲ್ಲಿ ಕ್ಯಾಸರೋಲ್ ಅಂದರೆ ಡಬ್ಬಿಯಲ್ಲ, ಅಗಲ ತಟ್ಟೆಯಲ್ಲಿ ಜೋಡಿಸಿ ಓವನ್‌ನಲ್ಲಿ ಬೇಯಿಸಿದ ಅಡುಗೆ. ಆಕೆ ಏನೂ ಆಗಿಲ್ಲದಂತೆ ಒಂದು ಕಟ್ಟು ಬಿಸಿ ಟೋರ್ಟಿಯಾ, ಅಂದರೆ ಚಪಾತಿಯಂಥ ಮೆಕ್ಸಿಕನ್ ರೊಟ್ಟಿ, ತಂದು ಡಬ್ಬಿಯೊಳಗೆ ಜೋಡಿಸಿ ಮುಚ್ಚಿದರು. ರಾತ್ರಿ ಒಂಬತ್ತಕ್ಕೂ ಅವು ಬೆಚ್ಚಗೇ ಇದ್ದವು. ಎಲ್ಲರೂ ಡಬ್ಬಿಯನ್ನು ಹೊಗಳಿದರು. ನಾನು ಮನೆಗೆ ಬಂದು ಅತ್ತೆ.

ಸೋಶಿಯಲ್ ಸೆಕ್ಯೂರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಲಸಿಕೆ ಕಾಗದ, ಇವನ್ನು ಯಾರಾದರೂ ಹೇಳಿಕೊಡುತ್ತಾರೆ, ಬೇಗ ಮುಗಿಸಿಬಿಡಿ. ನಾನು ಹೇಳಹೊರಟಿದ್ದು ಬುಧವಾರದ ರಾತ್ರಿಯ ಬಗ್ಗೆ. ಮಗನಿಗೆ ಸಾಕರ್, ಮಗಳಿಗೆ ಈಜು, ಮನೆ ಸೇರುವಾಗ ಆರೂವರೆ. ಹತ್ತು ವರ್ಷ ನಾನು ನಮಗೊಂದು ಸಾರು, ಮಕ್ಕಳಿಗೊಂದು ಪಾಸ್ತಾ ಅಂತ ಎರಡೆರಡು ಒಲೆ ಹಚ್ಚಿ ಒದ್ದಾಡಿದೆ. ಯಾರೂ ಕೇಳಿರಲಿಲ್ಲ, ನಾನೇ ತಲೆ ಮೇಲೆ ಹಾಕಿಕೊಂಡಿದ್ದು. ಮನೆಮಂದಿಯೆಲ್ಲ ಒಂದೇ ತಟ್ಟೆಯಿಂದ ಬಡಿಸಿಕೊಂಡು ಉಣ್ಣುವ ಒಂದು ಅಡುಗೆ ಕಲಿಯಿರಿ. ಟೆಕ್ಸಸ್‌ನಲ್ಲಿ ಅದು ಟೆಕ್ಸ್-ಮೆಕ್ಸ್ ಕ್ಯಾಸರೋಲ್, ಟೆಕ್ಸಸ್ ಮತ್ತು ಮೆಕ್ಸಿಕೋ ಎರಡರ ರುಚಿಯೂ ಬೆರೆತದ್ದು.

ಇದನ್ನು ನಾನು ಮೊದಲು ತಿಂದದ್ದು ಬಾಣಂತಿಯಾಗಿದ್ದಾಗ. 2008ರಲ್ಲಿ ಮಗಳು ಹುಟ್ಟಿದಳು. ಅಮ್ಮನ ವೀಸಾ ಹೊತ್ತಿಗೆ ಬರಲಿಲ್ಲ. ಯಜಮಾನರಿಗೆ ಬರುತ್ತಿದ್ದದ್ದು ಅನ್ನ ಮತ್ತು ಆಮ್ಲೆಟ್. ಎಂಟನೇ ದಿನ ಅದೇ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. ಅವರ ಕುಟುಂಬ ತಲೆಮಾರುಗಳಿಂದ ಸ್ಯಾನ್ ಆಂಟೋನಿಯೋದ್ದು. ಕೈಯಲ್ಲಿ ಫಾಯಿಲ್ ಮುಚ್ಚಿದ ಗಾಜಿನ ತಟ್ಟೆ. ಇಲ್ಲಿ ಮಗು ಹುಟ್ಟಿದ ಮನೆಗೂ ಸಾವಾದ ಮನೆಗೂ ಹೀಗೆ ಊಟ ತಂದುಕೊಡುತ್ತಾರೆ. ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಬೇಕು, ಸರಿ. ಆದರೆ ಆ ಜೀರಿಗೆ ವಾಸನೆ ಮೂಗಿಗೆ ಬಡಿದಾಗ ಎರಡು ಸಲ ಬಡಿಸಿಕೊಂಡು ತಿಂದೆ. ಏನು ಮಾಂಸ ಅಂತ ಕೇಳಿದ್ದು ತಿಂದ ಮೇಲೆ. ದನದ್ದು.

ನಮ್ಮ ಮನೆಯಲ್ಲಿ ಕುರಿ, ಕೋಳಿ ತಿಂದು ಬೆಳೆದವಳು ನಾನು. ದನದ ಮಾತೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮಗು ಬೇರೆ ಅಳುತ್ತಿತ್ತು. ಬೆಳಿಗ್ಗೆ ಉಳಿದದ್ದನ್ನು ಬಿಸಿ ಮಾಡಿಕೊಂಡು ತಿಂದೆ. ಯಜಮಾನರು ಇವತ್ತಿಗೂ ಮುಟ್ಟುವುದಿಲ್ಲ, ನಾನು ತಿನ್ನುತ್ತೇನೆ. ನೀವು ತಿನ್ನಬೇಕೋ ಬೇಡವೋ ಅನ್ನುವುದು ನಿಮ್ಮ ಮನೆ ವಿಚಾರ. ಟರ್ಕಿ ಕೋಳಿಯ ಕೈಮದಲ್ಲೂ ಆಗುತ್ತದೆ, ಬರೀ ಕಪ್ಪು ಬೀನ್ಸ್‌ನಲ್ಲೂ ಆಗುತ್ತದೆ.

ಈಗ ಅಡುಗೆ. ಒಂಬತ್ತು ಇಂಚು, ಹದಿಮೂರು ಇಂಚಿನ ಗಾಜಿನ ಅಥವಾ ಪಿಂಗಾಣಿಯ ತಟ್ಟೆ ಬೇಕು. ಕೈಮ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ಪ್ಯಾಕೆಟ್ ಮೇಲೆ 80/20, 85/15, 93/7 ಅಂತ ಇರುತ್ತದೆ. ಮೊದಲಿನದು ಮಾಂಸ, ಎರಡನೆಯದು ಕೊಬ್ಬು. 85/15 ತಗೊಳ್ಳಿ. ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಕಪ್ಪು ಬೀನ್ಸ್ ಒಂದು ಡಬ್ಬಿ, ಕೆಂಪು ಎಂಚಿಲಾಡಾ ಸಾಸ್ (ಮೆಣಸಿನಕಾಯಿ ಗೊಜ್ಜಿನಂಥದ್ದು) ಒಂದು ಸಣ್ಣ ಡಬ್ಬಿ, ಹಸಿಮೆಣಸಿನಕಾಯಿ ಬೆರೆತ ಟೊಮೆಟೊ ಒಂದು ಡಬ್ಬಿ. ಈ ಕೊನೆಯದಕ್ಕೆ ಇಲ್ಲಿ ಎಲ್ಲರೂ ರೋಟೆಲ್ ಅಂತಲೇ ಅನ್ನುತ್ತಾರೆ. ಟೆಕ್ಸಸ್‌ನ ದಕ್ಷಿಣ ತುದಿಯ ಎಲ್ಸಾ ಅನ್ನುವ ಸಣ್ಣ ಊರಲ್ಲಿ 1940ರ ದಶಕದಲ್ಲಿ ಶುರುವಾದದ್ದು. ಮುಸುಕಿನ ಜೋಳದ ಟೋರ್ಟಿಯಾ ಹತ್ತರಿಂದ ಹನ್ನೆರಡು. ತುರಿದ ಚೀಸ್ ಮೂರು ಕಪ್.

ಮೊದಲ ತಪ್ಪು ಇಲ್ಲೇ ಕಾದಿದೆ. ಪಕ್ಕದ ಮನೆಯಾಕೆ ಬರೆದುಕೊಟ್ಟ ಚೀಟಿಯಲ್ಲಿ "ಚಿಲಿ ಪೌಡರ್, ಎರಡು ಟೇಬಲ್‌ಸ್ಪೂನ್" ಅಂತಿತ್ತು. ಅತ್ತೆ ಕಳಿಸಿದ್ದ ಗುಂಟೂರು ಮೆಣಸಿನಕಾಯಿ ಪುಡಿ ಇತ್ತು. ಭರ್ತಿ ಎರಡು ಚಮಚ ಹಾಕಿದೆ. ಅವತ್ತು ಯಜಮಾನರ ಆಫೀಸಿನವರು ಇಬ್ಬರು ಊಟಕ್ಕೆ ಬಂದಿದ್ದರು. ಒಬ್ಬರು ಮೂರು ಲೋಟ ಹಾಲು ಕುಡಿದರು. ಇನ್ನೊಬ್ಬರು ಮಾತೇ ಆಡಲಿಲ್ಲ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇಲ್ಲಿನ ಚಿಲಿ ಪೌಡರ್ ಮೆಣಸಿನ ಪುಡಿಯಲ್ಲ, ಮಸಾಲೆ ಪುಡಿ. ಖಾರ ಕಡಿಮೆಯ ಮೆಣಸಿನಕಾಯಿ, ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಎಲ್ಲ ಸೇರಿದ್ದು. ನಮ್ಮ ಸಾರಿನ ಪುಡಿಯ ದೂರದ ನೆಂಟ ಅನ್ನಿ. ಆಸ್ಟಿನ್ನಿಂದ ಸ್ಯಾನ್ ಆಂಟೋನಿಯೋಗೆ ಹೋಗುವ ಐ-35 ದಾರಿಯಲ್ಲಿ ನ್ಯೂ ಬ್ರಾನ್‌ಫೆಲ್ಸ್ ಸಿಗುತ್ತದಲ್ಲ, ಅಲ್ಲಿ ವಿಲಿಯಂ ಗೆಬ್‌ಹಾರ್ಟ್ ಅನ್ನುವ ಜರ್ಮನ್ ವಲಸಿಗ 1890ರ ದಶಕದಲ್ಲಿ ಇಂಥ ಪುಡಿಯನ್ನು ಕುಟ್ಟಿ ಮಾರಲು ಶುರುಮಾಡಿದ. ಮೆಣಸಿನಕಾಯಿ ಮೆಕ್ಸಿಕೋದ್ದು, ಕುಟ್ಟಿದವನು ಜರ್ಮನಿಯವನು, ಹೆಸರು ಟೆಕ್ಸಸ್‌ಗೆ!

ಅಂಗಡಿ ಪುಡಿ ಬೇಡವಾದರೆ ಬ್ಯಾಡಗಿ ಪುಡಿ ಒಂದು ಟೇಬಲ್‌ಸ್ಪೂನ್, ಜೀರಿಗೆ ಪುಡಿ ಎರಡು ಟೀ ಚಮಚ, ಒರೆಗಾನೊ ಒಂದು ಟೀ ಚಮಚ ಹಾಕಿ. ಇಲ್ಲಿನವರು ಬಳಸುವ ಆಂಚೋ ಮೆಣಸಿನಕಾಯಿಯ ಗುಣವೂ ಬ್ಯಾಡಗಿಯಂತೆಯೇ, ಬಣ್ಣ ಜಾಸ್ತಿ, ಖಾರ ಕಮ್ಮಿ. ಗರಂ ಮಸಾಲೆ ಮಾತ್ರ ಬೇಡ. ನಾನು ಹಾಕಿದ್ದೆ. ಚೀಸ್ ಹಾಕಿದ ಕೈಮ ಉಂಡೆ ಸಾರಿನಂತಾಯಿತು. ಮೊದಲ ಮೂರು ಸಲ ಅವರ ಅಳತೆಯಲ್ಲೇ ಮಾಡಿ, ನಾಲಿಗೆಗೆ ಅದು ಹಿಡಿಸಲಿ, ನಿಮ್ಮ ಕೈಚಳಕ ಆಮೇಲೆ.

ಎರಡನೆಯದು, ಕೈಮ ಹುರಿಯುವುದು. ನಾವು ಮುಚ್ಚಿ ಬೇಯಿಸುವ ಜನ. ಈರುಳ್ಳಿ ಬಾಡಿಸಿ, ಅರಿಶಿನ ಹಾಕಿ, ಮುಚ್ಚಳ ಹಾಕಿಬಿಟ್ಟರೆ ಮಾಂಸ ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ಬೇಯುತ್ತದೆ. ಇಲ್ಲಿ ಹಾಗಲ್ಲ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಲಿ. ಕೈಮ ಹರಡಿ. ಈಗ ಮುಟ್ಟಬೇಡಿ. ಮೂರು ನಿಮಿಷ ಸುಮ್ನೆ ಬಿಡಿ. ಅಡಿಯಲ್ಲಿ ಕಂದು ಪದರ ಕಟ್ಟಿ ಚಿಟಪಟ ಸದ್ದು ದಪ್ಪಗಾಗುತ್ತದೆ, ಆಗ ತಿರುವಿ ಪುಡಿ ಮಾಡಿ. ಈರುಳ್ಳಿ, ಬೆಳ್ಳುಳ್ಳಿ ಆಮೇಲೆ. ಫ್ಯಾನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ. ಒಗ್ಗರಣೆಗೆ ಹೊಡೆದುಕೊಳ್ಳುವುದು ನಿಮಗೆ ಈಗಾಗಲೇ ಗೊತ್ತಾಗಿರುತ್ತದೆ.

ಜಿಡ್ಡು ಬಸಿಯಬೇಕು. ಎಲ್ಲಿಗೆ? ಸಿಂಕಿಗಂತೂ ಅಲ್ಲ. ನಾನು ಇಡೀ ಚಳಿಗಾಲ ಸಿಂಕಿಗೆ ಸುರಿದೆ, ಮೇಲೆ ಬಿಸಿನೀರು ಬಿಟ್ಟರೆ ಹರಿದುಹೋಗುತ್ತದೆ ಅಂತ. ಪೈಪಿನೊಳಗೆ ಅದು ಗಟ್ಟಿ ಮೇಣದ ಹಾಗೆ ಕೂತು, ಕೆಳಗಿನ ಮನೆಯವರ ಸಿಂಕಿನಲ್ಲಿ ನಮ್ಮ ಮನೆ ನೀರು ಉಕ್ಕಿತು. ಪ್ಲಂಬರ್ ದುಡ್ಡನ್ನು ಅಪಾರ್ಟ್‌ಮೆಂಟಿನವರು ನಮ್ಮ ತಲೆಗೇ ಕಟ್ಟಿದರು, ನ್ಯಾಯವಾಗಿಯೇ. ಖಾಲಿ ಬೀನ್ಸ್ ಡಬ್ಬಿಗೆ ಬಸಿದು, ಆರಿದ ಮೇಲೆ ಕಸಕ್ಕೆ ಹಾಕಿ.

ನಂತರ ಮಸಾಲೆ, ಉಪ್ಪು, ಟೊಮೆಟೊ, ತೊಳೆದ ಬೀನ್ಸ್, ಅರ್ಧ ಸಾಸ್ ಹಾಕಿ ಹತ್ತು ನಿಮಿಷ ಕುದಿಸಿ. ದನದ ಕೈಮ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಟರ್ಕಿ ಕೈಮ 165. ಇಷ್ಟು ಕುದಿದರೆ ಹೇಗೂ ದಾಟಿರುತ್ತದೆ.

ಟೋರ್ಟಿಯಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಅದರ ಮೇಲೆ ಪ್ರೀತಿ. ಗೋಧಿಯದ್ದು ಬೇಡ, ಸಾಸಿನಲ್ಲಿ ನೆನೆದು ಹಸಿ ಹಿಟ್ಟಿನ ಮುದ್ದೆಯಾಗುತ್ತದೆ. ಮುಸುಕಿನ ಜೋಳದ್ದೇ ಬೇಕು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ರುಬ್ಬಿ ಮಾಡುತ್ತಾರೆ. ಹೌದು, ಸುಣ್ಣ, ಎಲೆಅಡಿಕೆಗೆ ಹಚ್ಚುವ ಅದೇ ವಸ್ತು. ಕಾದ ತವಾ ಮೇಲೆ ಒಂದೊಂದನ್ನೂ ಎರಡೂ ಕಡೆ ಕಪ್ಪು ಚುಕ್ಕೆ ಬರುವವರೆಗೆ ಸುಡಿ. ಅರ್ಧ ನಿಮಿಷಕ್ಕೆ ಒಂದು ವಾಸನೆ ಏಳುತ್ತದೆ, ಹಸಿ ಮಣ್ಣು, ಸುಟ್ಟ ತೆನೆ, ಸುಣ್ಣ ಮೂರೂ ಸೇರಿದ ಹಾಗೆ. ಮಗಳು ಒಮ್ಮೆ ಅವರೆಕಾಯಿ ಸೊಗಡು ಅಂದರೇನು ಅಂತ ಕೇಳಿದಳು. ಇಂಡಿಯನ್ ಅಂಗಡಿಯಲ್ಲಿ ಸಿಗುವ ಫ್ರೋಜನ್ ಅವರೆಕಾಳಿನಲ್ಲಿ ಸೊಗಡು ಎಲ್ಲಿಂದ ಬರಬೇಕು? ನಮ್ಮೂರಲ್ಲಿ ಡಿಸೆಂಬರ್‌ನಲ್ಲಿ ಕಾಯಿ ಸುಲಿದರೆ ಬೆರಳಿಗೆ ಅಂಟಿಕೊಂಡು ಎರಡು ದಿನ ಹೋಗದಿದ್ದ ಆ ಜಿಡ್ಡನ್ನು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಕೊನೆಗೆ ತವಾ ಹತ್ತಿರ ಕರೆದು ಟೋರ್ಟಿಯಾ ಮೂಸಿಸಿದೆ. ಇದಲ್ಲ, ಆದರೆ ಇಂಥದ್ದೇ, ಅಂದೆ. ಅವಳು ತಲೆಯಾಡಿಸಿದಳು. ಅವಳಿಗೆ ಅರ್ಥವಾಗಿದ್ದು ಏನೋ ನನಗೆ ಗೊತ್ತಿಲ್ಲ.

ಸುಟ್ಟದ್ದನ್ನು ನಾಲ್ಕು ತುಂಡು ಮಾಡಿ. ತಟ್ಟೆಯ ತಳಕ್ಕೆ ಸಾಸ್ ಸವರಿ, ಟೋರ್ಟಿಯಾ, ಕೈಮ, ಚೀಸ್, ಮತ್ತೆ ಅದೇ. ಮೇಲೆ ಉಳಿದ ಸಾಸ್, ಉಳಿದ ಚೀಸ್. ಚೀಸನ್ನು ಗಟ್ಟಿಯಾಗಿ ತಂದು ಮನೆಯಲ್ಲೇ ತುರಿಯಿರಿ. ತುರಿದು ಮಾರುವುದಕ್ಕೆ ಅಂಟದಿರಲಿ ಅಂತ ಪುಡಿ ಬೆರೆಸಿರುತ್ತಾರೆ, ಅದು ನುಣ್ಣಗೆ ಕರಗುವುದಿಲ್ಲ. ಓವನ್ 375 ಡಿಗ್ರಿ. ಇದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 190. ಹಚ್ಚುವ ಮುಂಚೆ ಬಾಗಿಲು ತೆಗೆದು ಒಳಗೆ ನೋಡಿ, ಅಲ್ಲಿ ನಿಮ್ಮ ಬಾಣಲೆ, ದೋಸೆ ಕಾವಲಿ, ಕುಕ್ಕರ್ ಎಲ್ಲ ಇರುತ್ತವೆ. ನಮ್ಮವರ ಮನೆಯ ಓವನ್ ಅಂದರೆ ಪಾತ್ರೆ ಬೀರು, ಅಲ್ವಾ? ನನ್ನದೊಂದು ಕುಕ್ಕರ್ ಹಿಡಿ ಹಾಗೆ ಕರಗಿತು. ಫಾಯಿಲ್ ಮುಚ್ಚಿ ಇಪ್ಪತ್ತು ನಿಮಿಷ, ತೆಗೆದು ಹತ್ತು ನಿಮಿಷ. ಬಿಸಿ ಗಾಜಿನ ತಟ್ಟೆಯನ್ನು ಒದ್ದೆ ಕಟ್ಟೆ ಮೇಲಾಗಲಿ, ಸಿಂಕಿನಲ್ಲಾಗಲಿ ಇಡಬೇಡಿ. ಒಡೆಯುವ ಸದ್ದು ಪಟಾಕಿಯಂತಿರುತ್ತದೆ, ಚೂರು ಮೂರು ತಿಂಗಳು ಕಾಲಿಗೆ ಸಿಗುತ್ತದೆ. ಭಾನುವಾರವೇ ಕೈಮ ಮಾಡಿ ಫ್ರಿಜ್‌ನಲ್ಲಿಟ್ಟರೆ ಬುಧವಾರ ಬರೀ ಜೋಡಿಸುವ ಕೆಲಸ. ಜೋಡಿಸಿ ಫ್ರಿಜ್‌ನಲ್ಲಿಟ್ಟ ಗಾಜಿನ ತಟ್ಟೆಯನ್ನು ಮಾತ್ರ ಸೀದಾ ಕಾದ ಓವನ್‌ಗೆ ತಳ್ಳಬೇಡಿ.

ಇನ್ನೊಂದು ತಪ್ಪು ಬರೆಯಲು ಈಗಲೂ ಮುಜುಗರ. ಒಂದು ಯುಗಾದಿ ಊಟಕ್ಕೆ ಎರಡು ತಟ್ಟೆ ಮಾಡಿಕೊಂಡು ಹೋದೆ, ಒಂದು ಬೀನ್ಸ್, ಇನ್ನೊಂದು ಟರ್ಕಿ. ಚೀಸ್ ಕೆಳಗೆ ಎರಡೂ ಒಂದೇ ಥರ. ಚೀಟಿ ಅಂಟಿಸಲಿಲ್ಲ. ಯುಗಾದಿಗೆ ಮಾಂಸ ತಂದದ್ದೇ ತಪ್ಪು, ಆ ಮಾತು ಬೇರೆ. ಸಸ್ಯಾಹಾರಿಯಾದ ಹಿರಿಯರೊಬ್ಬರು ಬಡಿಸಿಕೊಂಡು ಚಮಚ ಎತ್ತಿದ್ದರು. ನಾನು ಹಾಲ್‌ನ ಆ ತುದಿಯಿಂದ ಕೂಗಿದೆ. ಆಕೆ ತಟ್ಟೆಯನ್ನು ನಿಧಾನಕ್ಕೆ ಕೆಳಗಿಟ್ಟು ಹೋಗಿ ಕೈ ತೊಳೆದುಕೊಂಡು ಬಂದರು. ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ದೊಡ್ಡದಾಗಿ ಬರೆದು ಅಂಟಿಸಿ, ಚಮಚ ಬೇರೆ ಬೇರೆ ಇಡಿ. ಸಸ್ಯಾಹಾರಿಗಳೇ, ನೀವೂ ಡಬ್ಬಿ ತಿರುಗಿಸಿ ಓದಿ. ಬೇಯಿಸಿ ಮಸೆದು ಹುರಿದ ರೀಫ್ರೈಡ್ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವುದು ಇಲ್ಲಿನ ಹಳೇ ಪದ್ಧತಿ. ಕೆಲವು ಎಂಚಿಲಾಡಾ ಸಾಸ್‌ಗಳಲ್ಲಿ ಮಾಂಸದ ರಸ ಇರುತ್ತದೆ. ವೆಜಿಟೇರಿಯನ್ ಅಂತ ಬರೆದದ್ದನ್ನೇ ತಗೊಳ್ಳಿ.

ಐದು ವರ್ಷ ಅಮ್ಮನಿಗೆ ಫೋನಿನಲ್ಲಿ "ಕೋಳಿದಮ್ಮ" ಅಂತ ಸುಳ್ಳು ಹೇಳಿದೆ. 2013ರಲ್ಲಿ ಅವರು ಬಂದಾಗ ಮಗ ಮೊದಲ ದಿನವೇ ಬಾಯಿಬಿಟ್ಟ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಾಣಂತನಕ್ಕೆ ನಾನು ಬರಲಿಲ್ಲ. ಬಂದವರು ಕೊಟ್ಟಿದ್ದು ತಿಂದೆ. ಅದಕ್ಯಾಕೆ ಸುಳ್ಳು ಹೇಳಿದೆ ಕಣೇ?" ಅಂದರು. ತಮಗೆ ಬೇರೆ ಪಾತ್ರೆಯಲ್ಲಿ ಮಾಡು ಅಂದರು. ಬೀನ್ಸ್‌ದು ಮಾಡಿಕೊಟ್ಟೆ. ಪಕ್ಕದಲ್ಲಿ ಮೊಸರನ್ನ ಇಟ್ಟುಕೊಂಡು ಪೂರ್ತಿ ತಿಂದು, ಒಂದು ಒಗ್ಗರಣೆ ಬೇಕಿತ್ತು ಇದಕ್ಕೆ ಅಂದರು.

ನನಗೆ ಜ್ವರ ಬಂದರೆ ಇವತ್ತಿಗೂ ಬೇಕಾಗುವುದು ಅಮ್ಮನ ಮೆಣಸಿನ ಸಾರು. ಮಗಳಿಗೆ ಜ್ವರ ಬಂದಾಗ ಸಾರನ್ನ ಕಲಸಿಕೊಂಡು ಮಂಚದ ಹತ್ತಿರ ಹೋದೆ. ಅವಳು ಬೇಡ, ಹಾಟ್‌ಬಾಕ್ಸ್ ಬೇಕು ಅಂದಳು. ನನ್ನ ಕೆಂಪು ಹೂವಿನ ಡಬ್ಬಿಯ ಕಥೆ ಕೇಳಿ ಕೇಳಿ ನಮ್ಮ ಮನೆಯಲ್ಲಿ ಈ ಅಡುಗೆಗೆ ಅದೇ ಹೆಸರು. ಒಂದು ಗಳಿಗೆ ಹೊಟ್ಟೆ ಉರಿಯಿತು. ಸಾರನ್ನ ನಾನೇ ಉಂಡು, ಅವಳಿಗೆ ಉಳಿದಿದ್ದ ಒಂದು ತುಂಡನ್ನು ಬಿಸಿ ಮಾಡಿ ಕೊಟ್ಟೆ. ಮೂಲೆಯ ತುಂಡು, ಚೀಸ್ ಸೀದು ಗರಿಗರಿಯಾದದ್ದು.

ಮಗ ಈಗ ಕಾಲೇಜಿನಲ್ಲಿದ್ದಾನೆ. ಹೋದ ತಿಂಗಳು ರೂಮಿನ ಹುಡುಗರಿಗೆ ತಾನೇ ಮಾಡಿದ್ದನಂತೆ, ಫೋಟೋ ಕಳಿಸಿದ್ದ. ಟೋರ್ಟಿಯಾ ಸುಟ್ಟಿರಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು. ಇವತ್ತು ರಾತ್ರಿ ನಮ್ಮ ರೂಮಿನಲ್ಲಿ ಹಾಟ್‌ಬಾಕ್ಸ್ ಅಂತ ಎಲ್ಲರನ್ನೂ ಕರೆದನಂತೆ, ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಇಲ್ಲಿನ ಹುಡುಗರ ಮಾತಿನಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆಯಂತೆ. ಏನು ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.