ಟಬ್ಬಿನಲ್ಲಿ ಬದುಕಿದ ಭತ್ತ

ಎರಡು ಭತ್ತದ ತಳಿ ಕೂಡಿಸಲು ಮೊದಲು ಒಂದರ ಹೂವಿನಿಂದ ಕೇಸರ, ಅಂದರೆ ಗಂಡು ಭಾಗ, ತೆಗೆಯಬೇಕು. ಆ ಕೆಲಸ ಕೈಗೆ ಹತ್ತಲು ನನಗೆ ಒಂದು ಇಡೀ ಹಂಗಾಮು ಬೇಕಾಯಿತು. ಸಂಜೆ ಕುಳಿತು, ಇನ್ನೂ ಅರಳದ ಒಂದೊಂದೇ ಹೂವಿನ ತುದಿ ಕತ್ತರಿಸಿ, ಚಿಮಟದಿಂದ ಆರೂ ಕೇಸರ ಎತ್ತಬೇಕು. ಒಂದು ಒಡೆದರೂ ಆ ಹೂವು ಲೆಕ್ಕಕ್ಕಿಲ್ಲ. ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಇನ್ನೊಂದು ತಳಿಯ ತೆನೆಯನ್ನು ಅದರ ಮೇಲೆ ಕೊಡವಿ, ಕಾಗದದ ಚೀಲ ಕಟ್ಟಬೇಕು. ಕಣ್ಣು ಉರಿ, ಸೊಂಟ ನೋವು. ಕಾಳು ಕಟ್ಟಿದ್ದು ಕಂಡರೆ ಮಾತ್ರ ಎಲ್ಲ ಮರೆತುಹೋಗುತ್ತದೆ.

ನಮಗೆ ಬೇಕಿದ್ದದ್ದು ನೆರೆಯಲ್ಲಿ ಮುಳುಗಿದರೂ ಸಾಯದೆ ಉಳಿಯುವ, ಸಬ್1 ಅನ್ನುವ ಗುಣ, ಒಡಿಶಾದ ಹಳೆ ತಳಿ ಎಫ್‌ಆರ್13ಎಯಿಂದ ಬಂದದ್ದು. ಅದನ್ನು ಹೊತ್ತ ಸ್ವರ್ಣ-ಸಬ್1 ನಮ್ಮ ದೇಶದಲ್ಲಿ 2009ರಲ್ಲೇ ಬಿಡುಗಡೆಯಾಗಿತ್ತು. ಅದನ್ನು ಸೊರಬದ ಕಡೆ ಜನ ಬೆಳೆಯುವ ಒಂದು ಗಿಡ್ಡ ತಳಿಗೆ ಸೇರಿಸಿದೆವು. ಆಮೇಲೆ ಪ್ರತಿ ತಲೆಮಾರಿನಲ್ಲೂ ಎಲೆ ಚೂರಿನ ಡಿಎನ್‌ಎ ನೋಡಿ, ಗುಣ ಉಳಿಸಿಕೊಂಡ ಗಿಡವನ್ನು ಮತ್ತೆ ಅದೇ ಗಿಡ್ಡ ತಳಿಗೆ ಕೂಡಿಸುತ್ತಾ ಹೋದೆವು.

21 ದಿನದ ಸಸಿಗಳನ್ನು 14 ದಿನ ಟಬ್ಬಿನಲ್ಲಿ ಮುಳುಗಿಸಿಟ್ಟೆವು. ಕೆಲವು ಉಸಿರಿಗಾಗಿ ಮೇಲಕ್ಕೆ ಉದ್ದುದ್ದ ಬೆಳೆದವು. ನೋಡಿದರೆ ಇವೇ ಗಟ್ಟಿ ಅನ್ನಿಸಬೇಕು. ನೀರು ಬಸಿದ ದಿನ ಅವೆಲ್ಲ ನೆಂದ ಶ್ಯಾವಿಗೆ ಹಾಗೆ ಬಿದ್ದವು. ಬೆಳೆಯದೆ, ಒಳಗಿನ ಸಕ್ಕರೆ ಉಳಿಸಿಕೊಂಡು ಸುಮ್ನೆ ಕೂತಿದ್ದ ಸಸಿಗಳು ವಾರದೊಳಗೆ ಹೊಸ ಎಲೆ ಬಿಟ್ಟವು. ಸಬ್1 ಮಾಡುವ ಕೆಲಸವೇ ಅದು.

ಕುಣಿದಾಡಿಕೊಂಡು ಸೊರಬದ ಕಡೆಯ ಒಬ್ಬ ರೈತ ಮಹಿಳೆಗೆ ಬೀಜ ಕೊಟ್ಟೆವು. ಆ ಮಳೆಗಾಲ ವರದಾ ನದಿ ಉಕ್ಕಿ ಗದ್ದೆ ಮುಳುಗಿತು. ನೆರೆ ಇಳಿದ ಮೇಲೆ ಹೋಗಿ ನೋಡಿದರೆ ಬದುಕಿದ್ದು ಟಬ್ಬಿನಲ್ಲಿ ಬದುಕಿದ್ದಕ್ಕಿಂತ ತುಂಬಾ ಕಡಿಮೆ. ಎಲೆ ಎಲೆಗೂ ಕೆಸರು ಮೆತ್ತಿಕೊಂಡಿತ್ತು. ತಪ್ಪು ನನ್ನದೇ. ನಾನು ಮುಳುಗಿಸಿದ್ದು ನಲ್ಲಿ ನೀರಿನಲ್ಲಿ, ಬೆಳಕು ತಳದವರೆಗೂ ಹೋಗುತ್ತಿತ್ತು. ನೆರೆ ನೀರು ರಾಡಿ ಅಲ್ವಾ? ಅದರೊಳಗೆ ಎಲೆಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ.

ಗದ್ದೆಯ ಯಜಮಾನಿ ಸಸಿ ಸತ್ತದ್ದಕ್ಕೆ ಬೈಯಲಿಲ್ಲ. ಬದುಕಿದ ಒಂದು ಬುಡ ಹಿಡಿದು ಎತ್ತರ ನೋಡಿದರು. “ತಮ್ಮಾ, ಇದು ಹೊಟ್ಟೆಗಾಯ್ತು. ದನಕ್ಕೆ?”

ಪಕ್ಕದ ತಗ್ಗಿನಲ್ಲಿ ಅವರದೇ ನೆರೆಗುಳಿ ಭತ್ತ ನಿಂತಿತ್ತು. ಹಳೆ ತಳಿ, ಹುಲ್ಲೂ ಜಾಸ್ತಿ. ಅದನ್ನು ಬಿಡಿ ಅನ್ನುವ ಧೈರ್ಯ ನನಗೆ ಬರಲಿಲ್ಲ.

ಈಗ ಟಬ್ಬಿಗೆ ಅದೇ ಗದ್ದೆಯ ಮಣ್ಣು ಕಲಸುತ್ತೇನೆ. ಕೊಯ್ಲಿನ ದಿನ ಕಾಳಿನ ಜೊತೆ ಹುಲ್ಲನ್ನೂ ತೂಗುತ್ತೇನೆ. ಆಯಮ್ಮ ಮಾತ್ರ ಇನ್ನೂ ನಮ್ಮ ಬೀಜವನ್ನು ಒಂದೇ ಮಡಿಗೆ ಹಾಕುತ್ತಾರೆ.