ಸ್ಕೀಗೆ ಮೇಣ ಹಾಕಲು ಯಾವ ಇಸ್ತ್ರಿ ಪೆಟ್ಟಿಗೆ ಕೊಳ್ಳಬೇಕು?

ಗುಲ್ಮಾರ್ಗ್, ಔಲಿ ಕಡೆಗೆ ಹೋಗಿ ಹಿಮದಲ್ಲಿ ಜಾರುವ ಹುಚ್ಚು ಮುಂಬೈ, ಪುಣೆಯ ಕನ್ನಡಿಗರಿಗೂ ಹಿಡಿದಿದೆ. ಹೆಚ್ಚಿನವರು ಸ್ಕೀಯನ್ನು, ಅಂದರೆ ಕಾಲಿಗೆ ಕಟ್ಟಿಕೊಂಡು ಜಾರುವ ಉದ್ದನೆಯ ಪಟ್ಟಿಗಳನ್ನು, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಅವರು ಈ ಪುಟ ತಿರುಗಿಸಬಹುದು, ಬಾಡಿಗೆ ಸ್ಕೀಗೆ ಮೇಣ ಹಾಕುವುದು ಅಂಗಡಿಯವರ ಕೆಲಸ. ಇದು ಸ್ವಂತ ಸ್ಕೀ ತಂದು ಮನೆಯ ಮಂಚದ ಕೆಳಗೋ ಮಾಳಿಗೆಯಲ್ಲೋ ಇಟ್ಟುಕೊಂಡವರಿಗೆ.

ಮೇಣ ಹಾಕುವುದೆಂದರೆ ಅದನ್ನು ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಕರಗಿಸಿ ಸ್ಕೀಯ ತಳಕ್ಕೆ ಹಚ್ಚುವುದು. ಅದು ಜೋರಾಗಿ ಜಾರುವುದಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಕಾರಣ ಮಳೆಗಾಲ. ಸ್ಕೀಯ ಎರಡೂ ಬದಿಗೆ ಉಕ್ಕಿನ ಅಂಚು ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬೈ ಗಾಳಿಗೆ ಅದು ತುಕ್ಕು ಹಿಡಿಯದೆ ಇರುವುದಿಲ್ಲ. ಮಳೆ ಶುರುವಾಗುವ ಮೊದಲು ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಹಾಕಿ ಹಾಗೇ ಬಿಟ್ಟರೆ ಅಂಚು ಉಳಿಯುತ್ತದೆ. ಅಂದರೆ ವರ್ಷಕ್ಕೆ ಎರಡೋ ಮೂರೋ ಸಲದ ಕೆಲಸ. ರೇಸ್ ಓಡುವವರ ದುಬಾರಿ ಪೆಟ್ಟಿಗೆ ನಮಗೆ ಬೇಕಿಲ್ಲ. ಪೆಟ್ಟಿಗೆ ಆರಿಸುವಾಗ ಈ ಲೆಕ್ಕ ತಲೆಯಲ್ಲಿರಲಿ.

ಮನೆಯ ಇಸ್ತ್ರಿ ಪೆಟ್ಟಿಗೆ ಸಾಲದಾ?

ಡೊಂಬಿವಲಿಯಲ್ಲಿರುವ ನನ್ನ ಸೋದರಳಿಯ ಕೇಳಿದ ಮೊದಲ ಪ್ರಶ್ನೆಯೇ ಇದು. "ಮಾಮಾ, ಅಮ್ಮನ ಸ್ಟೀಮ್ ಐರನ್ ಇದೆಯಲ್ಲ, ಅದೇ ಆಗುತ್ತದಲ್ವಾ?" ಆಗುವುದಿಲ್ಲ ಮಾರಾಯ.

ಸ್ಕೀಯ ತಳ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಅದು ಸುಮಾರು 130ರಿಂದ 135 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುತ್ತದೆ. ಸಾಮಾನ್ಯ ಮೇಣಕ್ಕೆ ಬೇಕಾದ ಬಿಸಿ 110ರಿಂದ 130 ಡಿಗ್ರಿ. ಕಡು ಚಳಿಯ ಗಟ್ಟಿ ಮೇಣಕ್ಕೆ ಇನ್ನೂ ಜಾಸ್ತಿ, 150ರ ಹತ್ತಿರ. ಮೇಣ ಕರಗುವ ಬಿಸಿಗೂ ತಳ ಸುಡುವ ಬಿಸಿಗೂ ನಡುವೆ ಜಾಗ ಇರುವುದೇ ಇಷ್ಟು. ಪೆಟ್ಟಿಗೆ ನಿಲ್ಲದೆ ಸರಿಯುತ್ತಿದ್ದರೆ ತಳಕ್ಕೆ ಅಷ್ಟೂ ಬಿಸಿ ತಟ್ಟುವುದಿಲ್ಲ, ಹಾಗಾಗಿ ಬಚಾವ್. ಒಂದೇ ಕಡೆ ನಿಂತರೆ ತಳ ಸುಟ್ಟು ಮುಚ್ಚಿಕೊಳ್ಳುತ್ತದೆ, ಆಮೇಲೆ ಮೇಣ ಹಿಡಿಯುವುದಿಲ್ಲ.

ಬಟ್ಟೆಯ ಪೆಟ್ಟಿಗೆಯ ತೊಂದರೆ ಅದರ ಥರ್ಮೋಸ್ಟಾಟ್. ಅದು ಕಾಯುತ್ತದೆ, ಆಫ್ ಆಗುತ್ತದೆ, ತಣಿಯುತ್ತದೆ, ಮತ್ತೆ ಕಾಯುತ್ತದೆ. ಈ ಏರಿಳಿತ ಹತ್ತಾರು ಡಿಗ್ರಿ. ಹತ್ತಿ ಬಟ್ಟೆಗೆ ಅದು ಲೆಕ್ಕಕ್ಕಿಲ್ಲ, ಸ್ಕೀಗೆ ಇದೆ. ಪ್ಲೇಟ್ ತೆಳ್ಳಗಿದ್ದಷ್ಟೂ ಏರಿಳಿತ ಜಾಸ್ತಿ. ತೆಳ್ಳನೆಯ ಹೆಂಚಿನ ಮೇಲೆ ದೋಸೆ ಹುಯ್ದರೆ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತದೆ, ಬೀಡಿನ ದಪ್ಪ ಕಾವಲಿಯಲ್ಲಿ ಒಂದೇ ಸಮ ಬೇಯುತ್ತದೆ. ಇಲ್ಲೂ ಅದೇ ಕಥೆ. ಸ್ಟೀಮ್ ಐರನ್ ಆದರಂತೂ ಪ್ಲೇಟಿನ ತೂತುಗಳಲ್ಲಿ ಮೇಣ ಸೇರಿ ಕಪ್ಪಾಗುತ್ತದೆ. ಮರುದಿನ ಅಕ್ಕನ ಸೀರೆಯ ಮೇಲೆ ಎಣ್ಣೆ ಕಲೆ. ಮೇಣಕ್ಕೆ ಮುಟ್ಟಿಸಿದ ಪೆಟ್ಟಿಗೆ ಮತ್ತೆ ಬಟ್ಟೆಗೆ ಬರುವುದಿಲ್ಲ, ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಕಟ್ಟಡದ ಕೆಳಗಿನ ಇಸ್ತ್ರಿಯವನ ಇದ್ದಿಲ ಪೆಟ್ಟಿಗೆಯ ಪ್ಲೇಟ್ ದಪ್ಪ, ಭಾರ, ನೋಡಲು ಆಸೆಯಾಗುತ್ತದೆ. ಆದರೆ ಬಿಸಿಯ ಹಿಡಿತವೇ ಇಲ್ಲ. ಅದು ಬೇಡ.

ಕಡಿಮೆ ಖರ್ಚಿನ ದಾರಿ

ಹಣ ಹಾಕಲು ಮನಸ್ಸಿಲ್ಲ ಎಂದರೆ ಒಂದು ಹಳೇ ಮಾದರಿಯ ಭಾರದ ಡ್ರೈ ಐರನ್ ಕೊಳ್ಳಿ. ಮುಂಬೈಯವರಿಗೆ ಲೋಹಾರ್ ಚಾಳ್, ಪುಣೆಯವರಿಗೆ ತಪ್ಕೀರ್ ಗಲ್ಲಿ. ಅಂಗಡಿಯಲ್ಲಿ ಕೈಯಲ್ಲಿ ಎತ್ತಿ ನೋಡಿ, ಇದ್ದುದರಲ್ಲಿ ಭಾರವಾದದ್ದನ್ನೇ ಆರಿಸಿ. ಪ್ಲೇಟಿನಲ್ಲಿ ತೂತು ಇರಬಾರದು. ಬಟ್ಟೆಯ ಲೇಬಲ್ಲಿನ ಲೆಕ್ಕದಲ್ಲಿ ಒಂದು ಚುಕ್ಕೆ ಎಂದರೆ ಹೆಚ್ಚೆಂದರೆ 110 ಡಿಗ್ರಿ, ಎರಡು ಚುಕ್ಕೆ 150, ಮೂರು 200. ಹಾಗಾಗಿ ಬಿಸಿ ಹೊಂದಿಸುವ ಗುಬ್ಬಿಯನ್ನು ಕೆಳಗಿನಿಂದ ಶುರು ಮಾಡಿ ಒಂದು, ಎರಡು ಚುಕ್ಕೆಯ ನಡುವೆಯೇ ಇಡಿ. ಮೇಣ ಸಲೀಸಾಗಿ ಕರಗಬೇಕು, ಹೊಗೆ ಮಾತ್ರ ಏಳಬಾರದು. ಹೊಗೆ ಬಂತೆಂದರೆ ಬಿಸಿ ಹೆಚ್ಚಾಗಿದೆ, ತಕ್ಷಣ ಇಳಿಸಿ.

ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯುತ್ತೇನೆ ಅನ್ನುವವರಿಗೆ ಎರಡು ಮಾತು. ಕೋವಿಡ್ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಇದಕ್ಕಲ್ಲ, ಅದು ಜ್ವರದ ಆಚೆಗೆ ಅಳೆಯುವುದಿಲ್ಲ. ಕಾರ್ಖಾನೆಯಲ್ಲಿ ಬಳಸುವಂಥದ್ದು ಬೇಕು. ಅದೂ ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ. ಪ್ಲೇಟಿನ ಒಂದು ಮೂಲೆಗೆ ಬಿಸಿ ತಡೆಯುವ ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ.

ಸ್ಕೀಯ ಪೆಟ್ಟಿಗೆಯನ್ನೇ ಕೊಳ್ಳುವುದಾದರೆ

ನನ್ನ ಮತ ಇದಕ್ಕೇ. ಮೊದಲು ನೋಡಬೇಕಾದ್ದು ವೋಲ್ಟೇಜ್. ಅಮೆರಿಕದಿಂದ ಬರುವ ಅಣ್ಣನೋ ಅತ್ತಿಗೆಯೋ ತರುತ್ತಾರೆಂದು ಖುಷಿಪಡಬೇಡಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಹಾಗೇ ಚುಚ್ಚಿದರೆ ಅದು ಮೂರೂವರೆ ಪಟ್ಟಿಗಿಂತ ಜಾಸ್ತಿ ವ್ಯಾಟ್ ತಿಂದು ಸುಟ್ಟುಹೋಗುತ್ತದೆ. ಅಷ್ಟು ವ್ಯಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಿಂತ ಭಾರ. ಯೂರೋಪಿನದು 230 ವೋಲ್ಟೇ, ನಮಗೆ ಹೊಂದುತ್ತದೆ. ಆದರೆ ಅದರ ಪ್ಲಗ್ಗನ್ನು ನಮ್ಮ ಸಾಕೆಟ್ಟಿಗೆ ಒತ್ತಿ ತೂರಿಸಿದರೆ ಅರ್ತಿಂಗ್ ಸಿಗುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ಮೂರು ಪಿನ್ನಿನ ಪ್ಲಗ್ ಹಾಕಿಸಿಬಿಡಿ.

ಎರಡನೆಯದು ಪ್ಲೇಟಿನ ದಪ್ಪ. ಅಗ್ಗದವು 8 ಮಿಲಿಮೀಟರ್ ಆಸುಪಾಸು, 12 ಇದ್ದರೆ ಚೆನ್ನ. 20 ದಾಟಿದ್ದು ರೇಸಿನವರಿಗೆ. ಮೂರನೆಯದು, ಗುಬ್ಬಿಯ ಮೇಲೆ ಡಿಗ್ರಿ ಬರೆದಿರಬೇಕು, "ರೇಷ್ಮೆ, ಉಣ್ಣೆ" ಅಂತಲ್ಲ. ಡಿಜಿಟಲ್ ಪರದೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. 800ರಿಂದ 1000 ವ್ಯಾಟ್ ಸಾಕು. ಪ್ರವಾಸಕ್ಕೆಂದು ಮಾರುವ ಪುಟಾಣಿ ಪೆಟ್ಟಿಗೆ ಕಂಡರೆ ಮುಂದೆ ಹೋಗಿ.

ಹಾಕುವ ಕ್ರಮ

ಸ್ಕೀ ತಳ ಒರೆಸಿ, ಒಣಗಿಸಿ. ಕಿಟಕಿ ತೆರೆದಿಡಿ, ಸೀಲಿಂಗ್ ಫ್ಯಾನ್ ಆಫ್ ಮಾಡಿ. ಬೆವರುತ್ತದೆ, ಏನೂ ಮಾಡುವಂತಿಲ್ಲ. ಮೇಣದ ತುಂಡನ್ನು ಪೆಟ್ಟಿಗೆಗೆ ತಾಗಿಸಿ ಸ್ಕೀಯುದ್ದಕ್ಕೂ ಹನಿಸಿ. ಆಮೇಲೆ ಮೂತಿಯಿಂದ ಬಾಲದ ಕಡೆಗೆ ನಿಲ್ಲದೆ ಎಳೆಯಿರಿ. ಪೆಟ್ಟಿಗೆಯ ಹಿಂದೆ ಒದ್ದೆಯಂತೆ ಹೊಳೆಯುವ ಗೆರೆ ಒಂದಿಷ್ಟು ದೂರ ಉಳಿದು ಆರಬೇಕು. ಪೂರ್ತಿ ತಣಿದ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ನೈಲಾನ್ ಬ್ರಷ್ ಹಾಕಿ. ಮಳೆಗಾಲಕ್ಕೆ ಎತ್ತಿಡುವುದಾದರೆ ಕೆರೆಯಬೇಡಿ. ಅಂಚನ್ನೂ ಮುಚ್ಚುವಂತೆ ದಪ್ಪಗೆ ಬಿಡಿ, ಡಿಸೆಂಬರ್‌ನಲ್ಲಿ ಕೆರೆದರಾಯಿತು.

ಎತ್ತಿಡಲು ಮೆತ್ತನೆಯ ಮೇಣವೇ ಸರಿ. ಸಾಮಾನ್ಯವಾಗಿ ಹಳದಿ ಬಣ್ಣದ್ದು ಬೆಚ್ಚಗಿನ ಹಿಮಕ್ಕೆ, ಕೆಂಪು ನಡುವಿನದಕ್ಕೆ, ನೀಲಿ ಚಳಿಗೆ. ಕಡಿಮೆ ಬಿಸಿಗೇ ಕರಗುವ ಹಳದಿ ಹೊಸಬರ ಕೈಗೂ ಸುಲಭ. ಫ್ಲೋರಿನ್ ಇರುವ ಹಳೇ ಮೇಣ ಯಾರಾದರೂ ಕೊಟ್ಟರೆ ಬೇಡವೆನ್ನಿ. ಬಿಸಿ ಹೆಚ್ಚಾದರೆ ಅದರಿಂದ ಬರುವ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವೂ 2023-24ರ ಋತುವಿನಿಂದ ರೇಸ್‌ಗಳಲ್ಲಿ ಅದನ್ನು ನಿಷೇಧಿಸಿದೆ.

ಕೆಲಸ ಮುಗಿದಾಗ ಪ್ಲೇಟ್ ಇನ್ನೂ ಬೆಚ್ಚಗಿರುವಾಗಲೇ ಹಳೇ ಹತ್ತಿ ಬಟ್ಟೆಯಿಂದ ಒರೆಸಿ. ಸ್ಯಾಂಡ್‌ಪೇಪರ್ ಹಚ್ಚಬೇಡಿ, ಗೀರು ಬಿದ್ದ ಪ್ಲೇಟ್ ಸ್ಕೀ ತಳವನ್ನೂ ಗೀಚುತ್ತದೆ. ಇನ್ನೊಂದು ಮಾತು: ಜೊತೆಗೆ ಹೋಗುವ ನಾಲ್ಕು ಮನೆಯವರು ಸೇರಿ ಒಂದೇ ಒಳ್ಳೆಯ ಪೆಟ್ಟಿಗೆ ಕೊಳ್ಳಿ. ಮೇ ತಿಂಗಳ ಒಂದು ಭಾನುವಾರ ಒಬ್ಬರ ಮನೆಯಲ್ಲಿ ಎಲ್ಲರ ಸ್ಕೀಗೂ ಮೇಣ ಹಾಕಿ ಮುಗಿಸಬಹುದು.